ಅಣಬೆ ಚಾಕು: ಕುಂಚ ಗೆದ್ದಿತು, ಅಲಗು ಸೋತಿತು

ತುಸು ಬಾಗಿದ ಮಡಚುವ ಅಲಗು, ಮರದ ಹಿಡಿ, ಹಿಡಿಯ ತುದಿಯಲ್ಲಿ ಹಂದಿಗೂದಲಿನ ಪುಟ್ಟ ಕುಂಚ: ಅಣಬೆ ಆಯುವವರಿಗೆಂದೇ ಮಾಡಿದ ಈ ಚಾಕುವನ್ನು ಒಂದು ಇಡೀ ವಸಂತ ಕಾಡಿನ ನಡಿಗೆಗಳಲ್ಲಿ ಬಳಸಿ ನೋಡಿದ್ದೇನೆ.

ಕುಂಚದ ಬಗ್ಗೆ ದೂರಿಲ್ಲ. ಮೊರೆಲ್ ಅಣಬೆಯ ಮೈ ಜೇನುಹುಟ್ಟಿನಂತೆ ಗುಳಿಗುಳಿಯಾಗಿರುವುದರಿಂದ ಮಣ್ಣೂ ಹುಳಗಳೂ ಅದರೊಳಗೆ ಸೇರಿಕೊಂಡಿರುತ್ತವೆ; ಅಲ್ಲಿಯೇ ಉಜ್ಜಿ ಬುಟ್ಟಿಗೆ ಹಾಕಿದರೆ ಮನೆಯ ಕೆಲಸ ಬಹಳಷ್ಟು ತಗ್ಗುತ್ತದೆ.

ಅಲಗಿನ ಮಾತು ಬೇರೆ. ಅಣಬೆಯನ್ನು ಕೀಳದೆ ಕಾಂಡವನ್ನಷ್ಟೇ ಕೊಯ್ದರೆ ಮುಂದಿನ ಫಸಲು ಉಳಿಯುತ್ತದೆ ಎಂದು ಜೊತೆಗೆ ಬಂದ ಚೀಟಿ ಹೇಳುತ್ತದೆ. ಆದರೆ ಸ್ವಿಟ್ಜರ್ಲೆಂಡಿನಲ್ಲಿ 29 ವರ್ಷ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕಿತ್ತರೂ ಕೊಯ್ದರೂ ಫಸಲು ಕುಂದಲಿಲ್ಲ. ಅಣಬೆಗಳ ಸಂಖ್ಯೆ ಇಳಿದದ್ದು ನೆಲವನ್ನು ತುಳಿದದ್ದರಿಂದ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಅಮಾನಿಟಾ ಕುಲದ ಮಾರಕ ಅಣಬೆಗಳನ್ನು ಗುರುತಿಸಲು ನೆರವಾಗುವ ಬುಡದ ಚೀಲವು ಹೀಗೆ ಮೇಲಿಂದ ಕೊಯ್ದಾಗ ಮಣ್ಣಿನಲ್ಲಿಯೇ ಉಳಿದುಬಿಡುತ್ತದೆ. ಗುರುತು ಖಚಿತವಿಲ್ಲದ ಅಣಬೆಯನ್ನು ಬುಡಸಮೇತ ಮೀಟಿ ತೆಗೆಯಲೇಬೇಕು, ಆದರೆ ನಾಲ್ಕಾರು ಬಾರಿ ಮೀಟುವಷ್ಟರಲ್ಲಿ ಈ ಅಲಗು ಕೀಲಿನ ಬಳಿ ಅಲ್ಲಾಡತೊಡಗಿತು.

ಅಲಗು ನಿಜಕ್ಕೂ ಉಪಯೋಗಕ್ಕೆ ಬಂದದ್ದು ಮೊರೆಲನ್ನು ಉದ್ದಕ್ಕೆ ಸೀಳಿ ನೋಡುವುದಕ್ಕೆ. ಅಸಲಿ ಮೊರೆಲ್ ತುದಿಯಿಂದ ಬುಡದವರೆಗೆ ಒಂದೇ ಪೊಳ್ಳು. ಮಿದುಳಿನಂತೆ ಸುರುಳಿಸುರುಳಿಯಾದ ಹುಸಿ ಮೊರೆಲಿನ ಒಳಗಾದರೋ ಹಲವು ಕೋಣೆಗಳಿರುತ್ತವೆ, ಮತ್ತು ಅದರಲ್ಲಿರುವ ಜೈರೊಮಿಟ್ರಿನ್ ಎಂಬ ವಿಷವು ಬೇಯಿಸಿದರೂ ಪೂರ್ತಿ ಹೋಗುತ್ತದೆಂಬ ಭರವಸೆಯಿಲ್ಲ. (ಅಸಲಿಯನ್ನೂ ಹಸಿಯಾಗಿ ತಿನ್ನಬಾರದು.)

ಕಾಡುಬೆಳ್ಳುಳ್ಳಿಯ ಎಲೆಗೆ ಮಾತ್ರ ಈ ಚಾಕುವನ್ನು ಬಳಸಬೇಡಿ. ಅದನ್ನು ಹೋಲುವ ಲಿಲಿ ಆಫ್ ದ ವ್ಯಾಲಿಯ ವಿಷದೆಲೆಯನ್ನು ಬೇರ್ಪಡಿಸಲು ಜನ ನಂಬುವುದು ವಾಸನೆಯನ್ನು. ಒಮ್ಮೆ ಬೆಳ್ಳುಳ್ಳಿಯ ಘಾಟು ಅಲಗಿಗೂ ಬೆರಳಿಗೂ ಹತ್ತಿತೆಂದರೆ ಆಮೇಲೆ ಕೊಯ್ದದ್ದೆಲ್ಲವೂ ಬೆಳ್ಳುಳ್ಳಿಯೇ ಅನ್ನಿಸುತ್ತದೆ.

ಹಿಡಿಯ ಬಣ್ಣವೂ ಒಂದು ಕೊರತೆ. ತರಗೆಲೆಯ ಬಣ್ಣದ್ದೇ ಆದ ಹಿಡಿ ನೆಲಕ್ಕೆ ಬಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಒಮ್ಮೆ ಅದನ್ನು ಹುಡುಕುತ್ತ, ಮರಗಳು ಚಿಗುರಿ ನೆರಳು ಕವಿಯುವ ಮುನ್ನವೇ ಹೂಬಿಟ್ಟು ಮುಗಿಸುವ ವುಡ್ ಅನಿಮೋನ್‌ಗಳ ಬಿಳಿಯ ಹಾಸಿನ ಮೇಲೆ ಕಾಲಿಡಬೇಕಾಯಿತು. ತೀರಾ ನಿಧಾನವಾಗಿ ಹಬ್ಬುವ ಆ ಗಿಡಗಳನ್ನು ತುಳಿದದ್ದಕ್ಕೆ ಈಗಲೂ ಬೇಸರವಿದೆ. ಆಮೇಲೆ ಹಿಡಿಗೆ ಕೆಂಪು ದಾರ ಸುತ್ತಿಕೊಂಡೆ. ಕಾರ್ಬನ್ ಸ್ಟೀಲ್ ಅಲಗನ್ನು ಒರೆಸದೆ ಮಡಚಿಟ್ಟರೆ ಮರುದಿನವೇ ತುಕ್ಕಿನ ಚುಕ್ಕೆ ಕಾಣುತ್ತದೆ.

ಜೇಬಿನಲ್ಲಿ ಈಗಾಗಲೇ ಒಳ್ಳೆಯ ಚಾಕುವಿರುವವರಿಗೆ ಇದು ಬೇಕಿಲ್ಲ. ಒಂದು ಪುಟ್ಟ ಕುಂಚ, ಬುಡ ಮೀಟಲು ಒಂದು ಗಟ್ಟಿ ಸಲಿಕೆ ಸಾಕು.