ಅಳತೆ ಬಟ್ಟೆಯೋ, ಟೈಲರ್ ಲೆಕ್ಕವೋ, ಪಿಡಿಎಫ್ ಪ್ಯಾಟರ್ನೋ?

ವಾಕಿಂಗಿಗೆ, ಯೋಗಕ್ಕೆ, ಮನೆಯಲ್ಲಿ ಆರಾಮಾಗಿ ಹಾಕಿಕೊಳ್ಳೋದಕ್ಕೆ ಅಂತ ಬನಿಯನ್ ಬಟ್ಟೆ ತಂದು ಹೊಲಿಯಲು ಕೂತವರು ಮೊದಲು ತಡವರಿಸುವುದು ಕಟಿಂಗಿನಲ್ಲಿ. ಬಟ್ಟೆಯ ಮೇಲಿಟ್ಟು ಕತ್ತರಿಸುವ ಪೇಪರ್ ಅಚ್ಚಿಗೆ, ಅಂದರೆ ಪ್ಯಾಟರ್ನಿಗೆ, ಮೂರು ದಾರಿಗಳಿವೆ. ಚೆನ್ನಾಗಿ ಕೂರುವ ಹಳೆಯ ಬಟ್ಟೆಯನ್ನೇ ಪೇಪರ್ ಮೇಲೆ ಹಾಸಿ ಗುರುತು ತೆಗೆಯಬಹುದು. ಟೈಲರಿಂಗ್ ಕ್ಲಾಸಿನಲ್ಲಿ ಕಲಿಸುವ ಹಾಗೆ ಮೈ ಅಳತೆಯಿಂದ ಲೆಕ್ಕ ಹಾಕಿ ಪೇಪರಿನಲ್ಲಿ ಡ್ರಾಫ್ಟ್ ಬಿಡಿಸಬಹುದು. ಇಲ್ಲವೇ ಇಂಟರ್ನೆಟ್ಟಿನಲ್ಲಿ ಪಿಡಿಎಫ್ ಪ್ಯಾಟರ್ನ್ ಕೊಂಡು ಪ್ರಿಂಟ್ ತೆಗೆಸಬಹುದು. ಮೂರರಿಂದಲೂ ಟೀ ಶರ್ಟ್, ಸಡಿಲ ಪ್ಯಾಂಟ್, ಮೈಗಂಟುವ ಲೆಗ್ಗಿಂಗ್ಸ್ ಹೊಲಿದು, ಹಾಕಿಕೊಂಡು, ಒಗೆದು ನೋಡಿ ಹೇಳುತ್ತಿದ್ದೇನೆ. ನನ್ನ ಎತ್ತರ 5 ಅಡಿ 1 ಇಂಚು, ಸೀಟ್ ಅಳತೆ, ಅಂದರೆ ಪೃಷ್ಠದ ಸುತ್ತಳತೆ, 40 ಇಂಚು. ಎತ್ತರದವರಿಗೆ ಪಿಡಿಎಫ್ ಬಗ್ಗೆ ನಾನು ಮುಂದೆ ಗೊಣಗುವುದು ಅಷ್ಟಾಗಿ ಅನ್ವಯಿಸುವುದಿಲ್ಲ.

ಬಟ್ಟೆ ಎಲ್ಲಕ್ಕೂ ಒಂದೇ: 95 ಭಾಗ ಹತ್ತಿ, 5 ಭಾಗ ಲೈಕ್ರಾ, 200 ಜಿಎಸ್‌ಎಂ. ಇಂಥದ್ದನ್ನು ಹಲವು ಕಡೆ ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಮೀಟರಿಗೆ ಒಗ್ಗಿದವರಿಗೆ ಗಲಿಬಿಲಿಯಾಗುತ್ತದೆ, ಆದರೆ ಲೆಕ್ಕ ಸುಲಭ: ಜಿಎಸ್‌ಎಂ ಅಂದರೆ ಒಂದು ಚದರ ಮೀಟರಿನ ತೂಕ, ಗ್ರಾಂಗಳಲ್ಲಿ. 60 ಇಂಚು ಪನ್ನದ ಈ ಬಟ್ಟೆ 1 ಕೆಜಿಗೆ ಹತ್ತಿರಹತ್ತಿರ 3.25 ಮೀಟರ್ ಬರುತ್ತದೆ. ಹತ್ತಿ ಕುಗ್ಗುವುದರಿಂದ ಕತ್ತರಿಸುವ ಮೊದಲು ಒಂದು ಸಲ ಒಗೆದು ಒಣಗಿಸಿಕೊಳ್ಳಬೇಕು. ಮೂರು ದಾರಿಗೂ ಈ ಮಾತು ಒಂದೇ.

ಟೀ ಶರ್ಟಿನ ವಿಷಯದಲ್ಲಿ ಸ್ಪರ್ಧೆಯೇ ಇಲ್ಲ, ಅಳತೆ ಬಟ್ಟೆ ಗೆದ್ದಿತು. ಹಳೆಯ ಟೀ ಶರ್ಟನ್ನು ಎರಡಾಗಿ ಮಡಿಸಿ ಬ್ರೌನ್ ಪೇಪರ್ ಮೇಲಿಟ್ಟು, ಹೊಲಿಗೆಯುದ್ದಕ್ಕೂ ಗುಂಡುಸೂಜಿ ಚುಚ್ಚಿದರೆ ಪೇಪರಿನಲ್ಲಿ ಚುಕ್ಕಿಗಳು ಮೂಡುತ್ತವೆ. ಅವನ್ನು ಜೋಡಿಸಿ ಕಾಲು ಇಂಚು ಮಾರ್ಜಿನ್ ಬಿಟ್ಟರೆ ಮುಗಿಯಿತು. ಕೆಳಗೆ ದಿಂಬೋ ದಪ್ಪ ಕಂಬಳಿಯೋ ಇದ್ದರೆ ಸೂಜಿ ಸಲೀಸಾಗಿ ಇಳಿಯುತ್ತದೆ. ಮುಂಭಾಗ, ಹಿಂಭಾಗ ಬೇರೆಬೇರೆ ತೆಗೆಯಿರಿ. ಕತ್ತಿನ ಇಳಿತ ಎರಡಕ್ಕೂ ಒಂದಲ್ಲ.

ಅದೇ ಉಪಾಯ ಪ್ಯಾಂಟಿಗೆ ಅರ್ಧ ಮಾತ್ರ ಫಲಿಸಿತು. ಹಳೆಯ ಪ್ಯಾಂಟಿನ ಮಂಡಿ, ಸೀಟು ಎರಡೂ ಜಗ್ಗಿರುತ್ತವೆ. ಗುರುತು ತೆಗೆದರೆ ಆ ಜಗ್ಗಿದ ಆಕಾರವೇ ಪೇಪರಿಗೆ ಬರುತ್ತದೆ. ಸೊಂಟದಲ್ಲಿ ಎಲಾಸ್ಟಿಕ್ ನೆರಿಗೆ ಹಿಡಿದಿರುತ್ತದೆ, ಒಂದು ಕೈಯಲ್ಲಿ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಚುಚ್ಚಬೇಕು. ಕಾಲು ಕೂಡುವ ಕಡೆಯ ಬಾಗು ಚಪ್ಪಟೆಯಾಗಿ ಮಲಗುವುದೇ ಇಲ್ಲ. ಇದೆಲ್ಲಕ್ಕಿಂತ ದೊಡ್ಡ ತೊಡಕು ಹಿಗ್ಗುವಿಕೆ. ಅಂಗಡಿಯ ಲೆಗ್ಗಿಂಗ್ಸ್ ಪಾಲಿಯೆಸ್ಟರ್ ಸ್ಪಾಂಡೆಕ್ಸ್‌ನದಾಗಿದ್ದು ನಿಮ್ಮ ಬಟ್ಟೆ ಹತ್ತಿಯದಾದರೆ, ಅಳತೆ ಕೂದಲೆಳೆಯಷ್ಟು ಸರಿ ಇದ್ದರೂ ಕೂರುವ ರೀತಿ ಬೇರೆಯಾಗುತ್ತದೆ. 10 ಸೆಂಟಿಮೀಟರ್ ಬಟ್ಟೆ ಹಿಡಿದು ಸ್ಕೇಲಿನ ಪಕ್ಕದಲ್ಲಿ ಎಳೆಯಿರಿ. 15ಕ್ಕೆ ಸಲೀಸಾಗಿ ಬಂದರೆ 50 ಶೇಕಡಾ ಹಿಗ್ಗು. ಬಿಟ್ಟ ಮೇಲೆ 10ಕ್ಕೆ ವಾಪಸ್ ಬರಬೇಕು, ಬರದಿದ್ದರೆ ಆ ಬಟ್ಟೆ ಲೆಗ್ಗಿಂಗ್ಸಿಗಲ್ಲ. ಹಳೆಯದು, ಹೊಸದು ಎರಡನ್ನೂ ಹೀಗೆ ಎಳೆದು ನೋಡಿ ಹೋಲಿಸಿದ ಮೇಲೇ ಕತ್ತರಿ ಹಿಡಿಯಬೇಕು.

ಇನ್ನು ಟೈಲರ್ ಲೆಕ್ಕ. ಸೀಟಿನ ನಾಲ್ಕನೇ ಒಂದು ಭಾಗ 10 ಇಂಚು, ಅದಕ್ಕೆ ಲೂಸು; ಮುಂದಿನ ಬಾಗಿಗೆ ಹದಿನಾರನೇ ಒಂದು ಭಾಗ ಎರಡೂವರೆ ಇಂಚು, ಹಿಂದಿನದಕ್ಕೆ ಎಂಟನೇ ಒಂದು ಭಾಗ 5 ಇಂಚು. ಸ್ಟೂಲಿನ ಮೇಲೆ ಕೂತು ಸೊಂಟದಿಂದ ಸ್ಟೂಲಿನವರೆಗೆ ಟೇಪು ಹಿಡಿದರೆ ಇಳಿತದ ಅಳತೆ ಸಿಗುತ್ತದೆ. ಖರ್ಚಿಲ್ಲ, ಕಾಯಬೇಕಿಲ್ಲ, ಯಾರ ಮೈಗಾದರೂ ಹಾಕಬಹುದು. ಕಾಟನ್ ಪೈಜಾಮಕ್ಕೆ, ರಾತ್ರಿ ಹಾಕುವ ಸಡಿಲ ಪ್ಯಾಂಟಿಗೆ ನಾನು ಈಗಲೂ ಇದನ್ನೇ ನೆಚ್ಚುತ್ತೇನೆ. ಆದರೆ ಈ ಲೆಕ್ಕ ಹುಟ್ಟಿದ್ದು ಹಿಗ್ಗದ ನೇಯ್ಗೆ ಬಟ್ಟೆಗೆ. ಅಲ್ಲಿ ಕೂತು ಏಳಲು ಅಳತೆಗೆ ಇಂಚುಗಳನ್ನು ಕೂಡಿಸಬೇಕು, ಲೆಗ್ಗಿಂಗ್ಸಿಗೆ ಕಳೆಯಬೇಕು. 40 ಇಂಚಿನ ಸೀಟಿಗೆ ನನ್ನ ಲೆಗ್ಗಿಂಗ್ಸ್ ಸುತ್ತಳತೆ 36 ಇಂಚು. ಸುತ್ತಳತೆಯೇನೋ ಕಳೆಯಬಹುದು, ಬಾಗನ್ನು ಎಷ್ಟು ಕಳೆಯಬೇಕು ಅನ್ನುವುದು ಆ ಸೂತ್ರದಲ್ಲಿಲ್ಲ. ಹಾಗೇ ಬಿಟ್ಟರೆ ತೊಡೆಸಂದಿಯಲ್ಲಿ ಬಟ್ಟೆ ಗುಪ್ಪೆಯಾಗಿ, ಸೂರ್ಯನಮಸ್ಕಾರದ ಹೊತ್ತಿಗೆ ಕಿರಿಕಿರಿ.

ಲೆಗ್ಗಿಂಗ್ಸಿನಲ್ಲಿ ಪಿಡಿಎಫ್ ಮುಂದೆ ನಿಂತದ್ದು ಇದಕ್ಕೇ. ಒಳ್ಳೆಯ ಪ್ಯಾಟರ್ನಿನಲ್ಲಿ ಬಟ್ಟೆ ಎಷ್ಟು ಹಿಗ್ಗಬೇಕು ಅನ್ನುವುದನ್ನು ಮೊದಲೇ ಬರೆದು, ಆ ಹಿಗ್ಗಿಗೆ ತಕ್ಕಂತೆ ಬಾಗು ತೆಗೆದಿರುತ್ತಾರೆ. ತೊಡೆಸಂದಿಗೆ ಬೇರೆ ಪಟ್ಟಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದು: ನಾಲ್ಕು ಹೊಲಿಗೆ ಒಂದೇ ಬಿಂದುವಿನಲ್ಲಿ ಸೇರುವುದು ತಪ್ಪಿ ಎಳೆತ ಹಂಚಿಹೋಗುತ್ತದೆ. ಕಾಲು ಚಾಚಿ ಕೂತಾಗ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಆದರೆ ಕಷ್ಟಗಳೂ ಇವೆ. ವಿದೇಶಿ ಪ್ಯಾಟರ್ನು ಡಾಲರಿನಲ್ಲಿ ಕೊಳ್ಳಬೇಕು. ಎ4 ಹಾಳೆಗಳನ್ನು ಅಂಟಿಸುತ್ತಾ ಕೂರುವುದು ಮಹಾ ಬೇಸರದ ಕೆಲಸ. ನಕ್ಷೆಯಷ್ಟು ದೊಡ್ಡದಾದ ಒಂದು ಎ0 ಹಾಳೆಗೆ 16 ಎ4 ಬೇಕು. ಕಟ್ಟಡದ ನಕ್ಷೆ ಪ್ರಿಂಟ್ ಮಾಡುವ ಅಂಗಡಿ ಹತ್ತಿರವಿದ್ದರೆ ಎ0 ಪ್ರತಿಯನ್ನೇ ತೆಗೆಸಿ. ಎಲ್ಲಿ ತೆಗೆಸಿದರೂ 'ಪುಟಕ್ಕೆ ಹೊಂದಿಸು' ಅನ್ನುವ ಆಯ್ಕೆ ತೆಗೆದು 100 ಶೇಕಡಾ ಇಡಿಸಿ, ಅಳತೆ ಸರಿಯಿದೆಯೇ ನೋಡಲೆಂದು ಪ್ಯಾಟರ್ನಿನಲ್ಲಿ ಕೊಟ್ಟಿರುವ ಪರೀಕ್ಷೆಯ ಚೌಕವನ್ನು ಸ್ಕೇಲಿಟ್ಟು ಅಳೆಯಿರಿ. ಪ್ಯಾಟರ್ನಿನ ಸೈಜುಗಳ ಪಟ್ಟಿ ನೋಡುವಾಗ ನಿಮ್ಮ ರೆಡಿಮೇಡ್ ಸೈಜನ್ನು ಮರೆತು ಟೇಪಿನ ಮಾತು ಕೇಳಿ. ಇನ್ನು ಎತ್ತರ. ಜರ್ಮನಿಯ ಪ್ಯಾಟರ್ನ್ ಕಂಪನಿ ಬುರ್ಡಾದ ಮಾಮೂಲಿ ಹೆಂಗಸರ ಸೈಜುಗಳು 168 ಸೆಂಟಿಮೀಟರ್ ಎತ್ತರಕ್ಕೆ ಮಾಡಿದವು, ನಾನು 155. ಕಾಲಿನ ತುದಿಯಲ್ಲಿ ಕತ್ತರಿಸಿಬಿಟ್ಟರೆ ಮಂಡಿಯ ಆಕಾರ ಮೀನಖಂಡಕ್ಕೆ ಇಳಿಯುತ್ತದೆ. ಸೊಂಟದಿಂದ ಸಂದಿಯವರೆಗೆ ಸ್ವಲ್ಪ, ತೊಡೆಯಲ್ಲಿ ಸ್ವಲ್ಪ, ಮಂಡಿ ಕೆಳಗೆ ಸ್ವಲ್ಪ ಹೀಗೆ ಪೇಪರನ್ನೇ ಮಡಿಸಿ ಹಂಚಬೇಕು. ಈ ತಲೆನೋವು ಬೇಡವೆಂದರೆ ಫ್ರೀಸೂಯಿಂಗ್ ಅನ್ನುವ ವೆಬ್‌ಸೈಟ್ ನೋಡಿ. ಉಚಿತ, ನಿಮ್ಮ ಅಳತೆಗಳನ್ನೇ ತುಂಬಿದರೆ ಅದಕ್ಕೆ ಸರಿಯಾಗಿ ಪ್ಯಾಟರ್ನ್ ಬಿಡಿಸಿಕೊಡುತ್ತದೆ. ಅದರ ಸ್ವೆಟ್‌ಶರ್ಟ್ 'ಸ್ವೆನ್' ನನಗೆ ಹಿಡಿಸಿತು. ಇಂಗ್ಲಿಷ್ ಸೂಚನೆಗಳನ್ನು ಓದಿ ಅರಗಿಸಿಕೊಳ್ಳುವ ತಾಳ್ಮೆ ಬೇಕು, ಅಷ್ಟೇ.

ಯಾವ ದಾರಿ ಹಿಡಿದರೂ ಮಾಮೂಲಿ ಸೂಜಿ, ನೇರ ಹೊಲಿಗೆ ಬೇಡ. ತುದಿ ದುಂಡಗಿರುವ ಬಾಲ್ ಪಾಯಿಂಟ್ ಅಥವಾ ಸ್ಟ್ರೆಚ್ ಸೂಜಿ, 11ನೇ ನಂಬರಿನದು, ಪಾಲಿಯೆಸ್ಟರ್ ದಾರ, ಸಣ್ಣ ಜಿಗ್‌ಜ್ಯಾಗ್. ನೇರ ಹೊಲಿಗೆಯಷ್ಟೇ ಬರುವ ಮಿಷನ್ನಿದ್ದರೆ ಟೀ ಶರ್ಟ್, ಸಡಿಲ ಪ್ಯಾಂಟಿಗೆ ನಿಲ್ಲಿ. ಲೆಗ್ಗಿಂಗ್ಸಿನಲ್ಲಿ ನೀವು ಬಗ್ಗಿದ ಕೂಡಲೇ ನೇರ ಹೊಲಿಗೆ ಪಟಪಟನೆ ಬಿಡುತ್ತದೆ.

ಹಣ ಕೊಟ್ಟು ಒಂದೇ ಒಂದು ಪ್ಯಾಟರ್ನ್ ಕೊಳ್ಳುವುದಾದರೆ ಪಕ್ಕದ ಜೇಬಿರುವ ಲೆಗ್ಗಿಂಗ್ಸಿನದನ್ನು ಕೊಳ್ಳಿ. ಆ ಜೇಬಿನ ತುಂಡನ್ನು ಬೇರೆ ಪೇಪರಿಗೆ ಇಳಿಸಿಟ್ಟುಕೊಂಡು, ಈಗ ಟೈಲರ್ ಲೆಕ್ಕದ ಮನೆ ಪ್ಯಾಂಟಿಗೂ ಇಡುತ್ತಿದ್ದೇನೆ. ಫೋನಿಗಿಂತ ಒಂದು ಇಂಚು ಆಳ ಹೆಚ್ಚಿರಲಿ, ಬಾಯಿಯನ್ನು ಎರಡು ಮಡಿಕೆ ಮಾಡಿ ಹೊಲಿಯಿರಿ. ಓಡುವಾಗ ಫೋನ್ ಜಿಗಿದು ಬೀಳುವುದಿಲ್ಲ.