ಬಳ್ಳಾರಿ ಬಿಸಿಲಿಗೆ ರೈಜನ್ 5 5600ಜಿ: ಹಲವು ಬೇಸಿಗೆ ದಾಟಿದ ಮೇಲಿನ ವಿಮರ್ಶೆ

ನನ್ನ ಅಂಗಡಿಯ ಕಂಪ್ಯೂಟರ್‌ನಲ್ಲಿರುವುದು ಎಎಂಡಿ ಕಂಪನಿಯ ರೈಜನ್ 5 5600ಜಿ ಪ್ರೊಸೆಸರ್. ಬಳಕೆ ಎಂಥದ್ದು ಅಂತ ಮೊದಲೇ ಹೇಳಿಬಿಡುತ್ತೇನೆ. ಹಗಲೆಲ್ಲ ಟ್ಯಾಲಿ, ನುಡಿಯಲ್ಲಿ ಟೈಪಿಂಗ್, ಕೋರೆಲ್‌ಡ್ರಾದಲ್ಲಿ ಲಗ್ನಪತ್ರಿಕೆ ಮತ್ತು ಫ್ಲೆಕ್ಸ್. ಮದುವೆ ಸೀಸನ್ ಬಂತೆಂದರೆ ವಿಡಿಯೊ ಎಡಿಟಿಂಗ್. ಅಂಗಡಿಗೆ ಎಸಿ ಇಲ್ಲ. ಗೇಮ್‌ಗಾಗಿ ಪ್ರೊಸೆಸರ್ ಹುಡುಕುತ್ತಿರುವವರಿಗೆ ಇಲ್ಲಿ ಹೆಚ್ಚೇನೂ ಸಿಗದು.

2021ರ ಆಗಸ್ಟ್‌ನಲ್ಲಿ ಮಾರುಕಟ್ಟೆಗೆ ಬಂದ ಚಿಪ್ ಇದು. 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಸಾಲು), 3.9ರಿಂದ 4.4 ಗಿಗಾಹರ್ಟ್ಸ್, 65 ವ್ಯಾಟ್, ಜೊತೆಗೆ ಒಳಗೇ ವೇಗಾ ಗ್ರಾಫಿಕ್ಸ್. ಹೆಸರಿನ ಕೊನೆಯ 'ಜಿ' ಬಿಟ್ಟು ಬರೀ 5600 ತಂದರೆ ಗ್ರಾಫಿಕ್ಸ್ ಇರುವುದಿಲ್ಲ, ಬೇರೆ ಕಾರ್ಡ್ ಹಾಕುವವರೆಗೆ ಪರದೆ ಕಪ್ಪಗೇ ಇರುತ್ತದೆ. ಇಂಟೆಲ್‌ನಲ್ಲಿ ಕೊನೆಗೆ 'ಎಫ್' ಇದ್ದರೂ ಇದೇ ಕಥೆ.

ಈಗ ಸೆಕೆಯ ವಿಷಯ. ಯೂಟ್ಯೂಬ್ ವಿಮರ್ಶೆಯವರು 22 ಡಿಗ್ರಿಯ ಕೋಣೆಯಲ್ಲಿ ಕೂತು ಯಾವುದೋ ಚಿಪ್ 72 ಡಿಗ್ರಿ ತೋರಿಸಿತು ಎಂದರೆ, ಅದು ಕೋಣೆಗಿಂತ 50 ಡಿಗ್ರಿ ಹೆಚ್ಚು ಎಂದು ಓದಿಕೊಳ್ಳಬೇಕು. ಏಪ್ರಿಲ್‌ನ ಮಧ್ಯಾಹ್ನ ಅಂಗಡಿಯೊಳಗೆ 40 ಇದ್ದಾಗ ಅದೇ ಚಿಪ್ಪು, ಅದೇ ಫ್ಯಾನು 90 ಮುಟ್ಟುತ್ತವೆ. 5600ಜಿಯ ಮಿತಿ 95. ಅದನ್ನು ಮುಟ್ಟಿದರೆ ಚಿಪ್ ಸುಡುವುದಿಲ್ಲ, ವೇಗ ಇಳಿಸಿಕೊಳ್ಳುತ್ತದೆ. ಬೆಳಿಗ್ಗೆ ಸರಾಗವಾಗಿ ಮುಗಿದ ವಿಡಿಯೊ ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ಫೈಲ್ ಮಾಡುವುದು) ಮಧ್ಯಾಹ್ನ ಎಳೆದಾಡುವುದು ಇದಕ್ಕೇ. ಹಾಗಾಗಿ ನಮ್ಮ ಕಡೆ ಗಿಗಾಹರ್ಟ್ಸ್‌ಗಿಂತ ಮೊದಲು ವ್ಯಾಟ್ ನೋಡಬೇಕು, ಎಳೆದ ವಿದ್ಯುತ್ತೆಲ್ಲ ಬಿಸಿಯೇ ಆಗುತ್ತದೆ.

ಪೆಟ್ಟಿಗೆ ಮೇಲೆ 65 ವ್ಯಾಟ್ ಇದ್ದರೂ ಪೂರ್ತಿ ಕೆಲಸ ಕೊಟ್ಟಾಗ ಇದು 88ರವರೆಗೆ ಎಳೆಯುತ್ತದೆ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ವಿದ್ಯುತ್ ಮಿತಿ ಇಳಿಸುವ ಇಕೊ ಮೋಡ್ ಆರಿಸಿ 45 ವ್ಯಾಟ್‌ಗೆ ಇಟ್ಟರೆ ಆ ಮಿತಿ 61ಕ್ಕೆ ಇಳಿಯುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಆ ಹೆಸರು ಕಾಣದಿದ್ದರೆ ಸಿಟಿಡಿಪಿ ಅಂತ ಹುಡುಕಿ. ಟ್ಯಾಲಿ, ಕೋರೆಲ್‌ಡ್ರಾ ಬಹುಪಾಲು ಒಂದೇ ಕೋರ್ ಮೇಲೆ ಓಡುವುದರಿಂದ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎಲ್ಲ ಕೋರ್ ಬಳಸುವ ರೆಂಡರ್ ಮಾತ್ರ ಸ್ವಲ್ಪ ನಿಧಾನ. ಮಾರ್ಚ್‌ನಿಂದ ಜೂನ್‌ವರೆಗೆ ಹೀಗೇ ಇಡುವುದು ಒಳ್ಳೆಯದು, ಯುಪಿಎಸ್‌ಗೂ ಹಗುರ.

ರ‍್ಯಾಮ್‌ನಲ್ಲಿ ಜಿಪುಣತನ ಬೇಡ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುತ್ತದೆ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಹಾಕಿ, ಎರಡು ದಾರಿಯಲ್ಲಿ ಡೇಟಾ ಓಡಿ ಗ್ರಾಫಿಕ್ಸ್‌ಗೆ ವೇಗ ಸಿಗುತ್ತದೆ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಆಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ) ಆನ್ ಮಾಡದಿದ್ದರೆ ಸಾಮಾನ್ಯವಾಗಿ 3200ರ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಜೋಡಿಸಿ ಕೊಟ್ಟವರು ಇದನ್ನು ಬಿಟ್ಟಿರುವುದೇ ಹೆಚ್ಚು. ಟಾಸ್ಕ್ ಮ್ಯಾನೇಜರ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಮದರ್‌ಬೋರ್ಡ್‌ಗಳಲ್ಲಿ ಬಿ550 ಬೇಡ, ಅದಕ್ಕಿಂತ ಅಗ್ಗದ ಎ520 ಮಾದರಿ ಸಾಕು. ಎಸ್‌ಎಸ್‌ಡಿ, ಕಾರ್ಡ್ ಜೋಡಿಸುವ ಪಿಸಿಐಇ ದಾರಿಯಲ್ಲಿ ಈ ಚಿಪ್ ಕೊಡುವುದು 3.0 ಮಾತ್ರ, ಆದ್ದರಿಂದ ಪಿಸಿಐಇ 4.0 ಎಸ್‌ಎಸ್‌ಡಿಯ ವೇಗಕ್ಕೆಂದೇ ಬಿ550 ಕೊಂಡರೆ ದುಡ್ಡು ದಂಡ. ಇನ್ನೊಂದು ಕೊರತೆ, ಎವಿ1 ಎಂಬ ಹೊಸ ಬಗೆಯ ವಿಡಿಯೊಗೆ ಹಾರ್ಡ್‌ವೇರ್ ಡಿಕೋಡ್ ಇಲ್ಲ, ಅದನ್ನು ತೋರಿಸುವ ಭಾರ ಕೋರ್‌ಗಳ ಮೇಲೇ ಬೀಳುತ್ತದೆ. ಎಡಿಟಿಂಗೇ ಮುಖ್ಯ ಕಸುಬಾದರೆ ಇಂಟೆಲ್ ಐ5-12400 ಚೆನ್ನ, ಅದರ ಕ್ವಿಕ್‌ಸಿಂಕ್ (ವಿಡಿಯೊ ಕೆಲಸಕ್ಕೆಂದೇ ಚಿಪ್‌ನೊಳಗಿರುವ ಭಾಗ) ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಚೆನ್ನಾಗಿ ಒದಗುತ್ತದೆ. ಆದರೆ ಅದರ ಗರಿಷ್ಠ ಮಿತಿ 117 ವ್ಯಾಟ್, ಕೂಲರ್‌ಗೆ (ಚಿಪ್ ತಂಪಿಡುವ ಹೀಟ್‌ಸಿಂಕ್ ಮತ್ತು ಫ್ಯಾನ್) ಬೇರೆ ಖರ್ಚಿಡಿ.

ಧೂಳು ಬಳ್ಳಾರಿಯ ಖಾಯಂ ಗಿರಾಕಿ. ಅದಿರು ಲಾರಿಗಳ ರಸ್ತೆ ಬದಿಯಲ್ಲಿ ಕೆಂಪು ಪುಡಿ, ಜೀನ್ಸ್ ಹೊಲಿಯುವ ಘಟಕಗಳಲ್ಲಿ ನೀಲಿ ನಾರು. ನಾರೇ ಹೆಚ್ಚು ಕಾಟ: ಫ್ಯಾನ್ ಕೆಳಗೆ, ಹೀಟ್‌ಸಿಂಕ್ ರೆಕ್ಕೆಗಳ ನೆತ್ತಿಯ ಮೇಲೆ ಕಂಬಳಿ ಹೊದಿಸಿದಂತೆ ಕೂರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆಯಿರಿ, ಇಲ್ಲದಿದ್ದರೆ ವಿಪರೀತ ತಿರುಗಿ ಬೇರಿಂಗ್ ಹಾಳು. ನೀರಿನ ಏರ್ ಕೂಲರ್‌ನ ಗಾಳಿ ನೇರವಾಗಿ ಕ್ಯಾಬಿನೆಟ್‌ಗೆ ಬಡಿಯದಿರಲಿ. ತೇವ ಸೇರಿದರೆ ಕೆಂಪು ಧೂಳು ಗಾರೆಯಾಗಿ ಹಿಡಿಯುತ್ತದೆ. ಮುಂದೆ ಗಾಜಿರುವ ಕ್ಯಾಬಿನೆಟ್ ನೋಡಲು ಚೆಂದ, ನಮ್ಮೂರಿಗೆ ಜಾಲರಿಯದೇ ಸರಿ.

ಶುಚಿ ಮಾಡಿಯೂ ಬಿಸಿ ಇಳಿಯದಿದ್ದರೆ ಚಿಪ್‌ಗೂ ಕೂಲರ್‌ಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿರಬಹುದು. ಇಲ್ಲಿ ಅವಸರ ಮಾಡಬಾರದು. ಈ ಚಿಪ್ ಕೂರುವ ಎಎಂ4 ಸಾಕೆಟ್‌ನ ಬಗೆಯಲ್ಲಿ ಪಿನ್‌ಗಳಿರುವುದು ಪ್ರೊಸೆಸರ್‌ನಲ್ಲೇ. ಒಣಗಿದ ಪೇಸ್ಟ್ ಅಂಟಿಕೊಂಡು, ಕೂಲರ್ ಎತ್ತಿದಾಗ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಸೊಟ್ಟಗಾಗುತ್ತವೆ. ಮೊದಲು ಹತ್ತು ನಿಮಿಷ ಭಾರಿ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ ವೈರ್ ತೆಗೆದು, ನಾಲ್ಕೂ ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ ಆಮೇಲೆ ಎತ್ತಿ. ಬೋರ್ಡಿನ ಹಿಂದಿನ ಪ್ಲೇಟ್ ಜಾರದಂತೆ ಕೈ ಕೊಟ್ಟಿರಿ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಕೊಳ್ಳುವಾಗ ಡಬ್ಬಿ ಇಲ್ಲದ 'ಟ್ರೇ' ಚಿಪ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದಕ್ಕೆ ಅಂಗಡಿಯವರ ಮಾತೇ ವಾರಂಟಿ, ಕೂಲರೂ ಬರುವುದಿಲ್ಲ. ಡಬ್ಬಿಯದಕ್ಕೆ ಮೂರು ವರ್ಷ. ಡಬ್ಬಿಯ ಮೇಲಿನ ನಂಬರು, ಚಿಪ್ ಮೇಲಿನ ನಂಬರು ಒಂದೇ ಇದೆಯೇ ನೋಡಿ, ಬಿಲ್‌ನಲ್ಲಿ ಬರೆಸಿಕೊಳ್ಳಿ. ಇದರ ಅರ್ಧ ಬೆಲೆಗೆ ಹಳೆಯ ಮೂರನೇ ತಲೆಮಾರಿನ 'ಐ7' ಸೆಟ್ ತೋರಿಸಿದರೆ ಮರುಳಾಗಬೇಡಿ: ವಿಂಡೋಸ್ 11 ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಶುರು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ನಿಂತಿದೆ.