ಬದುವೋ, ಕೃಷಿ ಹೊಂಡವೋ: ಮಳೆಯಾಶ್ರಿತ ಹೊಲಕ್ಕೆ ಯಾವುದು ಮೊದಲು?

ಬದು ಅಥವಾ ಹೊಂಡಕ್ಕೆ ಗ್ರಾಮಸಭೆಯಲ್ಲಿ ಅರ್ಜಿ ಕೊಡುವ ಮುನ್ನ ಹೊಲದ ಇಳಿಜಾರು ನೋಡಿ. ಮೇಲ್ಮಣ್ಣು ಕೊಚ್ಚಿ ಹೋಗುತ್ತಿದ್ದರೆ ಬದುವೇ ಮೊದಲು. ಬದುವಿಲ್ಲದ ಹೊಲದಲ್ಲಿ ಹೊಂಡ ತೋಡಿದರೆ ಎರಡು ಮೂರು ಮಳೆಗಾಲಕ್ಕೆ ಹೂಳು ತುಂಬುತ್ತದೆ.

ಬದುವಿನಿಂದ ತೇವ ಹೊಲದಲ್ಲೇ ಉಳಿಯುತ್ತದೆ, ಜಾಗ ಹೆಚ್ಚು ಹೋಗದು. ಆದರೆ ಅದು ಒಬ್ಬರ ಕೆಲಸವಲ್ಲ. ಬದು ಹಾಕುವುದು ಸಮಪಾತಳಿ ರೇಖೆಯ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಮೇಲೆ, ಆ ರೇಖೆ ಸರ್ವೆ ಕಲ್ಲಿಗೆ ನಿಲ್ಲುವುದಿಲ್ಲ. ಮೇಲಿನ, ಕೆಳಗಿನ ಹೊಲದವರು ಒಪ್ಪಬೇಕು. ಬದು ಒಡೆಯುವುದು ಹೆಚ್ಚಾಗಿ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ, ಇಲ್ಲದ್ದಕ್ಕೆ. ಕೋಡಿಗೆ ಕಲ್ಲು ಹಾಸಿ, ನೀರನ್ನು ಪಕ್ಕದವರ ಬೆಳೆಗೆ ನುಗ್ಗಿಸದೆ ಹಳ್ಳಕ್ಕೆ ಬಿಡಿ. ಎರೆ ಭೂಮಿಯಲ್ಲಿ ಬೇಸಿಗೆಗೆ ಬದು ಬಿರುಕು ಬಿಡುತ್ತದೆ. ಮುಂಗಾರಿಗೆ ಮೊದಲೇ ಮುಚ್ಚಿ.

ಹೊಂಡದ ಬಲ ಬೇರೆ: ಮಳೆ ಕೈಕೊಟ್ಟಾಗ ಒಂದು ನೀರು. ಮೇಲ್ಭಾಗದಲ್ಲಿ 12 ಮೀಟರ್ ಉದ್ದಗಲ, 3 ಮೀಟರ್ ಆಳ, 1:1 ಇಳಿಜಾರಿನ (ಒಂದು ಮೀಟರ್ ಆಳಕ್ಕೆ ಬದಿ ಒಂದು ಮೀಟರ್ ಒಳಸರಿಯುವ) ಹೊಂಡದಲ್ಲಿ ಸುಮಾರು 2.5 ಲಕ್ಷ ಲೀಟರ್ ನಿಲ್ಲುತ್ತದೆ. ಒಂದು ಎಕರೆಗೆ ಎರಡು ಇಂಚು ನೀರು ಒಮ್ಮೆ ಕೊಡಲು ಸಾಕು, ಅಷ್ಟೇ. ಕೆಂಪು ಮಣ್ಣಿನಲ್ಲಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಅದೂ ಇಂಗಿಹೋಗುತ್ತದೆ. ನೀರು ಒಳಬರುವಲ್ಲಿ ಹೂಳುಗುಂಡಿ ಇರಲಿ. ಸುತ್ತ ಬೇಲಿ ಬೇಕೇ ಬೇಕು. ಹಾಳೆಯ ಮೇಲೆ ಜಾರಿದ ಮಗು ತಾನಾಗಿ ಹತ್ತಿ ಬರಲಾರದು.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಹೊಂಡ, ಹಾಳೆ, ಪಂಪಿಗೆ ಸಹಾಯಧನ ಕೊಟ್ಟಿದೆ. ಈ ವರ್ಷದ ನಿಯಮವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಜೆಸಿಬಿ ಕರೆಸಿ.